ಕರೆಂಟೇ ಹೋದ ಮೇಲೆ ನಿಮಗೇನು ಕೆಲಸ?

ದಾವಣಗೆರೆಯಲ್ಲಿ ವಿದ್ಯುತ್ ಸರಬರಾಜು ಸಂಸ್ಥೆಯ ಕಂಪ್ಯೂಟರ್ ಜಾಲ ನೋಡಿಕೊಳ್ಳುತ್ತೇನೆ ಎಂದರೆ ಜನ ಮೊದಲು "ಓಹೋ, ಕೆಇಬಿ" ಎನ್ನುತ್ತಾರೆ. ಮಂಡಳಿ 1999ರಲ್ಲಿ ನಿಗಮವಾಯಿತು, 2002ರಲ್ಲಿ ವಿತರಣೆ ಬೇರೆ ಕಂಪನಿಗಳ ಪಾಲಾಯಿತು. ಜನರ ಬಾಯಲ್ಲಿ ಹಳೆಯ ಹೆಸರೇ ಉಳಿದಿದೆ. ಆಮೇಲಿನ ಪ್ರಶ್ನೆ ಎಲ್ಲರದೂ ಒಂದೇ. ಜಗಳೂರು ಕಡೆಯ ನನ್ನ ಸೋದರಮಾವನಂತೂ ಕಂಡಾಗಲೆಲ್ಲ ಕೇಳುತ್ತಾರೆ: "ಕಂಬ ಹತ್ತುವವರು ಲೈನ್‌ಮನ್‌ಗಳು. ಕರೆಂಟ್ ಹೋದರೆ ನಿನ್ನ ಕಂಪ್ಯೂಟರೂ ಆರಿಹೋಗುತ್ತದೆ. ಆಮೇಲೆ ನಿನಗೇನು ಕೆಲಸ?"

ನನ್ನ ಕೆಲಸ ಇರುವುದೇ ಆಗ. ಬೇರೆ ಕಚೇರಿಯವರು ಕರೆಂಟ್ ಹೋದರೆ ಬಾಗಿಲು ಹಾಕಿ, ನಾಳೆ ಬನ್ನಿ ಎನ್ನಬಹುದು. ಹೋದ ಕರೆಂಟನ್ನು ಮರಳಿ ತರಬೇಕಾದವರು ನಾವು. ಅದಕ್ಕೆ ಬೇಕಾದ ಸುದ್ದಿಯೆಲ್ಲ ಓಡಾಡುವುದು ನನ್ನ ಜಾಲದ ಮೇಲೆ. ಉಪಕೇಂದ್ರವನ್ನು ನಾವು ಸ್ಟೇಷನ್ ಎನ್ನುತ್ತೇವೆ. ಅಲ್ಲಿ ಆರ್‌ಟಿಯು ಎಂಬ ಪೆಟ್ಟಿಗೆಯೊಂದಿರುತ್ತದೆ. ಯಾವ ಬ್ರೇಕರ್ (ದೊಡ್ಡ ಸ್ವಿಚ್) ತೆರೆದು ಕರೆಂಟ್ ಕಡಿದಿದೆ, ಯಾವುದು ಮುಚ್ಚಿದೆ, ಯಾವ ಫೀಡರಿನಲ್ಲಿ, ಅಂದರೆ ಸ್ಟೇಷನ್ನಿನಿಂದ ಊರುಗಳಿಗೆ ಹೊರಡುವ ಲೈನಿನಲ್ಲಿ, ಎಷ್ಟು ಆಂಪಿಯರ್ ಹರಿಯುತ್ತಿದೆ ಎಂಬುದನ್ನು ಅದು ಸೆಕೆಂಡುಗಳಲ್ಲಿ ನಿಯಂತ್ರಣ ಕೊಠಡಿಗೆ ತಿಳಿಸುತ್ತದೆ. ಭರಣಿ ಮಳೆಯ ಗಾಳಿಗೆ ಸಂಜೆ ಒಂದರ ಹಿಂದೊಂದು ಫೀಡರ್ ಟ್ರಿಪ್ ಆಗುವಾಗ ಈ ಪೆಟ್ಟಿಗೆಯೂ ಮೂಕವಾದರೆ, ಎಲ್ಲಿ ಏನಾಗಿದೆ ಎಂದು ತಿಳಿಯಲು ಕತ್ತಲಲ್ಲಿ ಜೀಪು ಓಡಿಸುವುದೊಂದೇ ದಾರಿ. ಮೊಬೈಲ್ ನಂಬಿ ಕೂರುವಂತಿಲ್ಲ. ಟವರ್‌ಗಳೂ ನಮ್ಮದೇ ಕರೆಂಟಿನವು, ಅವುಗಳ ಬ್ಯಾಟರಿ ಉಳಿಯುವುದು ಕೆಲವು ಗಂಟೆ.

ಹಾಗಾಗಿ ನನ್ನ ದಿನದ ಒಂದು ಪಾಲು ಕಂಪ್ಯೂಟರಿನ ಮುಂದೆ ಕಳೆಯುವುದೇ ಇಲ್ಲ, ಬ್ಯಾಟರಿ ಕೋಣೆಯಲ್ಲಿ ಕಳೆಯುತ್ತದೆ. ಸ್ಟೇಷನ್ನಿನ ಸಂಪರ್ಕ ಉಪಕರಣಗಳು ನಡೆಯುವುದು 48 ವೋಲ್ಟ್ ಡಿಸಿಯಲ್ಲಿ, ಅಂದರೆ ಎರಡೆರಡು ವೋಲ್ಟಿನ 24 ಸೆಲ್‌ಗಳು ಒಂದರ ಬಾಲ ಒಂದು ಹಿಡಿದು ನಿಂತಿರುತ್ತವೆ. ಚಾರ್ಜರ್ ಆರಿಸಿ, ಲೋಡನ್ನು ಬ್ಯಾಟರಿಯ ಮೇಲೇ ಬಿಟ್ಟು, ಮಲ್ಟಿಮೀಟರಿನ ಕಡ್ಡಿಗಳನ್ನು ಒಂದೊಂದು ಸೆಲ್ಲಿಗೂ ತಾಗಿಸುತ್ತಾ ಬರುತ್ತೇನೆ: 2.02, 2.03, 2.02, ಥಟ್ಟನೆ 1.74. ಮೇಲಿನಿಂದ ನೋಡಿದರೆ ಅದೂ ಉಳಿದವುಗಳಂತೆಯೇ ಧೂಳಿಲ್ಲದೆ ಹೊಳೆಯುತ್ತಿರುತ್ತದೆ. ಆ ಒಂದು ಸೆಲ್ ಬದಲಾಯಿಸದಿದ್ದರೆ ಬೇಕಾದ ರಾತ್ರಿಯಲ್ಲೇ ಉಳಿದ 23ನ್ನೂ ಕೆಡಿಸುತ್ತದೆ. ಫ್ಲೋಟ್‌ನಲ್ಲಿರುವಾಗ, ಅಂದರೆ ಚಾರ್ಜರ್ ನಡೆಯುತ್ತಿರುವಾಗ, ಒಟ್ಟು 54 ವೋಲ್ಟ್ ತೋರಿಸುತ್ತಿದೆ, ಎಲ್ಲ ಸರಿಯಿದೆ ಎಂದು ಬರೆದು ಹೋಗುವವರನ್ನು ಕಂಡರೆ ನನಗೆ ನಿಜವಾಗಿಯೂ ಸಿಟ್ಟು ಬರುತ್ತದೆ.

ಸಿಟ್ಟಿಗೆ ಕಾರಣವಿದೆ, ನಾನೂ ಒಮ್ಮೆ ಹಾಗೆಯೇ ಕಾಗದವನ್ನು ನಂಬಿದ್ದೆ. ಒಂದು ಸ್ಟೇಷನ್ನಿಗೆ ಎರಡು ಬೇರೆ ಬೇರೆ ಕಂಪನಿಗಳಿಂದ ಫೈಬರ್ ಸಂಪರ್ಕ ಪಡೆದಿದ್ದೆವು, ಒಂದು ಕಡಿದರೆ ಇನ್ನೊಂದು ಇರಲಿ ಎಂದು. ಚಿತ್ರದುರ್ಗದ ದಾರಿಯಲ್ಲಿ ಹೆದ್ದಾರಿ ಪಕ್ಕ ಸರ್ವಿಸ್ ರಸ್ತೆಗೆ ಅಗೆಯುತ್ತಿದ್ದ ಜೆಸಿಬಿಯ ಒಂದೇ ಏಟಿಗೆ ಎರಡೂ ಹೋದವು. ಹೋಗಿ ನೋಡಿದರೆ ಒಂದೇ ಕಾಲುವೆಯಲ್ಲಿ, ಗೇಣು ಅಂತರದಲ್ಲಿ, ಕಿತ್ತಳೆ ಬಣ್ಣದ ಪೈಪು ಒಂದು, ನೀಲಿ ಬಣ್ಣದ್ದು ಒಂದು. ಎರಡೂ ಹರಿದು, ಒಳಗಿನ ಗಾಜಿನ ಎಳೆಗಳು ಕೆಂಪು ಮಣ್ಣಿನಲ್ಲಿ ಕೂದಲಿನಂತೆ ಚೆದುರಿದ್ದವು. ಅಂದಿನಿಂದ ಹೊಸ ಸಂಪರ್ಕ ಬಂದರೆ ನಕ್ಷೆ ನೋಡಿ ಸಹಿ ಹಾಕುವುದಿಲ್ಲ, ದಾರಿಯುದ್ದಕ್ಕೂ ನಡೆದು ನೋಡುತ್ತೇನೆ. ವಿದ್ಯುತ್ ಗೋಪುರಗಳ ತುದಿಯಲ್ಲಿ ಸಾಗುವ ಅರ್ತ್ ತಂತಿಯ ಹೊಟ್ಟೆಯೊಳಗೇ ಫೈಬರ್ ಇರುವ ಕಡೆ ನೆಮ್ಮದಿ ಹೆಚ್ಚು, ಅಷ್ಟು ಎತ್ತರಕ್ಕೆ ಜೆಸಿಬಿಯ ಕೈ ತಲುಪುವುದಿಲ್ಲ.

ಹೊರಗಿನವರ ಕೈ ಬೇರೆ ದಾರಿಯಿಂದಲೂ ಬರಬಹುದು. 2015ರ ಡಿಸೆಂಬರ್ 23ರಂದು ಉಕ್ರೇನಿನ ಮೂರು ವಿತರಣಾ ಕಂಪನಿಗಳ ಜಾಲಕ್ಕೆ ನುಸುಳಿದ್ದವರು ದೂರದಿಂದಲೇ ಬ್ರೇಕರ್‌ಗಳನ್ನು ತೆರೆದು ಸುಮಾರು 2,25,000 ಗ್ರಾಹಕರ ಕರೆಂಟ್ ತೆಗೆದರು. ನಿಯಂತ್ರಣ ಕೇಂದ್ರದ ಯುಪಿಎಸ್‌ಗಳಿಗೂ ಕೈ ಹಾಕಿದ್ದರು. ಅವರು ಒಳಹೊಕ್ಕದ್ದು ಕಚೇರಿಯ ಇಮೇಲ್‌ಗೆ ಬಂದ ಕಡತದ ಮೂಲಕ. ಸಿಬ್ಬಂದಿ ಸ್ಟೇಷನ್‌ಗಳಿಗೆ ಹೋಗಿ ಕೈಯಿಂದಲೇ ಬ್ರೇಕರ್ ಹಾಕಿ ಕೆಲವೇ ಗಂಟೆಗಳಲ್ಲಿ ಕರೆಂಟ್ ಮರಳಿಸಿದರು. ಕಚೇರಿಯ ಬಿಲ್ಲಿನ ಜಾಲವನ್ನೂ ಸ್ಟೇಷನ್ನಿನ ಜಾಲವನ್ನೂ ನಾನು ಒಂದಾಗಲು ಬಿಡದಿರುವುದು ಇದಕ್ಕೇ. ಮನೆಯ ಲ್ಯಾಪ್‌ಟಾಪಿನಲ್ಲೂ ನಿಯಂತ್ರಣ ಕೊಠಡಿಯ ಪರದೆ ಬರುವಂತೆ ಮಾಡಿಕೊಡಿ ಎಂದು ಹಿರಿಯ ಅಧಿಕಾರಿಗಳು ಕೇಳಿದಾಗಲೂ ಆಗುವುದಿಲ್ಲ ಎಂದೇ ಹೇಳಿದ್ದೇನೆ.

ಆದರೆ ಇವೆಲ್ಲಕ್ಕಿಂತ ಹೆಚ್ಚು ನಿದ್ದೆಗೆಡಿಸುವುದು ಸ್ಟೇಷನ್ನಿನ ಫೋನು. ಲೈನ್‌ಮನ್ ತಂತಿ ಮುಟ್ಟುವ ಮೊದಲು ಲೈನ್ ಕ್ಲಿಯರ್, ಅಂದರೆ ಲೈನಿನ ಕರೆಂಟ್ ತೆಗೆದಿದೆ ಎಂಬ ಖಾತರಿ, ತೆಗೆದುಕೊಳ್ಳುತ್ತಾನೆ, ಎಲ್‌ಸಿ ಎನ್ನುತ್ತೇವೆ. ಆಪರೇಟರ್ ಬ್ರೇಕರ್ ತೆರೆದು, ಸಂಖ್ಯೆ ಕೊಟ್ಟು, ವೇಳೆಯನ್ನು ರಿಜಿಸ್ಟರಿನಲ್ಲಿ ಬರೆದು, ಆ ಕಡೆಯಿಂದ ಮತ್ತೊಮ್ಮೆ ಹೇಳಿಸಿಕೊಳ್ಳುತ್ತಾರೆ. ಈಗ ಈ ಮಾತು ಹೋಗುವುದು ನನ್ನ ಜಾಲದಲ್ಲಿ, ತುಂಡು ತುಂಡಾಗಿ, ಒಂದೊಂದು ಪ್ಯಾಕೆಟ್‌ನಲ್ಲಿ ಸಾಮಾನ್ಯವಾಗಿ 20 ಮಿಲಿಸೆಕೆಂಡಿನಷ್ಟು ದನಿ. ಜಾಲದಲ್ಲಿ ಅಡ್ಡಿಯಾಗಿ ಅರೆಕ್ಷಣದ ಪ್ಯಾಕೆಟ್‌ಗಳು ಕಳೆದುಹೋದವು ಎನ್ನಿ. ಲೈನಿಗೆ ಕರೆಂಟ್ ಬಿಡುವುದಕ್ಕೆ ನಾವು ಚಾರ್ಜ್ ಮಾಡುವುದು ಎನ್ನುತ್ತೇವೆ. "ಚಾರ್ಜ್ ಮಾಡಬೇಡಿ" ಎಂಬ ಮಾತಿನ ನಡುವಿನ ಎರಡೇ ಅಕ್ಷರ ಬಿದ್ದುಹೋದರೆ ಈ ಕಡೆ ಕೇಳುವುದು "ಚಾರ್ಜ್ ಮಾಡಿ". ಇಂಥದ್ದು ಆಗಬಾರದೆಂದೇ ಸಂಖ್ಯೆ, ಮರುನುಡಿ, ಕಂಬದ ಮೇಲೆ ಅರ್ತ್ ಹಾಕುವ (ತಂತಿಯನ್ನು ನೆಲಕ್ಕೆ ಜೋಡಿಸುವ) ಕ್ರಮಗಳಿವೆ. ಆದರೂ ನಾನು ನೋಡಿಕೊಳ್ಳುವ ಪ್ರತಿ ರೂಟರಿನಲ್ಲೂ ಮಾತಿಗೆ ಮೊದಲ ದಾರಿ. ಕ್ಯಾಮೆರಾ, ಇಮೇಲ್, ಮೇಲಿನವರ ವಿಡಿಯೊ ಸಭೆ ಎಲ್ಲವೂ ಅದರ ಹಿಂದೆ.

ಕಳೆದ ಬೇಸಿಗೆಯ ಒಂದು ಮಳೆಯ ರಾತ್ರಿ ನಿಯಂತ್ರಣ ಕೊಠಡಿಯಲ್ಲಿದ್ದೆ. ಜಗಳೂರು ಕಡೆಯ ಫೀಡರೊಂದರಲ್ಲಿ ಕಂಬ ಉರುಳಿ ಸಂಜೆಯಿಂದ ಕತ್ತಲೆ, ಮೊಬೈಲ್ ಟವರ್‌ಗಳೂ ಮೂಕವಾಗಿದ್ದವು. ಹನ್ನೊಂದು ದಾಟಿದ ಮೇಲೆ ಕೆಲಸ ಮುಗಿಸಿದ ಲೈನ್‌ಮನ್ ಸ್ಟೇಷನ್ನಿಗೇ ಬಂದು ಅಲ್ಲಿನ ಫೋನಿನಲ್ಲಿ ಮಾತನಾಡಿದರು. ಹಿಂದೆ ಮಳೆಯ ಸದ್ದು, ಆದರೆ ಒಂದಕ್ಷರವೂ ತುಂಡಾಗಲಿಲ್ಲ: "ನಾಲ್ವರೂ ಕೆಳಗಿಳಿದಿದ್ದೇವೆ, ಅರ್ತ್ ತೆಗೆದಿದ್ದೇವೆ, ಎಲ್‌ಸಿ ವಾಪಸ್, ಲೈನ್ ಕೊಡಬಹುದು." ಪರದೆಯ ಮೇಲಿನ ಸೊನ್ನೆ ಆಂಪಿಯರ್ 38 ಆಯಿತು, 52 ಆಯಿತು. ಮಾವ, ಅದು ನಿಮ್ಮ ಊರಿನ ಫೀಡರ್.