ನೀ ಉಸ್ರು ತಗ, ನಾ ಹಿಡ್ಕಂಡಿರ್ತೀನಿ

ಮಂಗಳವಾರ ಸಂಜೆ ಅಕ್ಕ ಮತ್ತೆ ಹಾಡಲು ಬಂದರು. ಮೂರು ತಿಂಗಳಾದ ಮೇಲೆ.

ಬೆಳಿಗ್ಗೆ ಹಿಡಿದ ಮಳೆ ಇನ್ನೂ ಬಿಟ್ಟಿರಲಿಲ್ಲ. ಕೋರ್ಪಲಯ್ಯನ ಛತ್ರದ ಹತ್ತಿರ ತುಂಗೆಯ ಮಂಟಪ ಮುಳುಗಿತಂತೆ ಅಂತ ಅಂಗಡಿಗೆ ಬಂದವರೆಲ್ಲ ಹೇಳುತ್ತಿದ್ದರು. ಮಂಟಪ ಮುಳುಗಿದರೇನೇ ಶಿವಮೊಗ್ಗದವರಿಗೆ ಮಳೆಗಾಲ ಬಂತು ಅಂತ ಲೆಕ್ಕ. ಜನ ಕೊಡೆ ಹಿಡಿದು ಹೊಳೆ ನೋಡಲು ಹೋಗುತ್ತಿದ್ದರು. ನಾನು ಮೆಡಿಕಲ್ ಶಾಪಿನ ಕೆಲಸ ಮುಗಿಸಿ ಸೀದಾ ವಿನೋಬನಗರದ ನಮ್ಮ ಹಾಡಿನ ಜಾಗಕ್ಕೆ ಹೋದೆ.

ಜಾಗ ದೊಡ್ಡದೇನಲ್ಲ. ಒಂದು ಸಮುದಾಯ ಭವನದ ಮಹಡಿ. ತಲೆ ಮೇಲೆ ಶೀಟು. ಮಂಗಳವಾರ, ಶನಿವಾರ ಸಂಜೆ ಆರಕ್ಕೆ ಅಲ್ಲಿ 22 ಜನ ಸೇರುತ್ತೇವೆ. ಅಂಗನವಾಡಿ ಟೀಚರ್ ಇದ್ದಾರೆ, ಬಸ್ ಓಡಿಸಿ ರಿಟೈರ್ ಆದವರು ಇದ್ದಾರೆ, ಅಡಿಕೆ ಮಂಡಿಯಲ್ಲಿ ಲೆಕ್ಕ ಬರೆಯುವವರು, ಕಾಲೇಜಿನ ಹುಡುಗಿಯರಿಬ್ಬರು. ಮೇಷ್ಟ್ರೊಬ್ಬರನ್ನು ಬಿಟ್ಟರೆ ಸಂಗೀತ ಕಲಿತವರು ಯಾರೂ ಇಲ್ಲ. ಬಾಗಿಲಲ್ಲಿ ಒದ್ದೆ ಚಪ್ಪಲಿ, ಬಿಚ್ಚಿಟ್ಟ ಕೊಡೆಗಳು. ಒಳಗೆ ಸರಿಯಾಗಿ ಒಣಗದ ಬಟ್ಟೆಯ ವಾಸನೆ, ಅದರ ಜೊತೆ ಫ್ಲಾಸ್ಕಿನಿಂದ ಬರುವ ಜೀರಿಗೆ ಕಷಾಯದ ಘಮ. ವಾರದಲ್ಲಿ ನನಗೆ ಇದಕ್ಕಿಂತ ಒಳ್ಳೆ ಜಾಗ ಇನ್ನೊಂದಿಲ್ಲ.

ಸೇರಿ ಎರಡು ವರ್ಷ ಆಯಿತು. ನನಗೆ ಚಿಕ್ಕಂದಿನಿಂದ ಉಬ್ಬಸ. ಮಳೆಗಾಲದಲ್ಲಿ ಜಾಸ್ತಿ. ಬ್ಯಾಗಲ್ಲಿ ಇನ್‌ಹೇಲರ್ ಇಲ್ಲದೆ ಮನೆ ಬಿಡುವುದಿಲ್ಲ. ಹಾಡೋದು ಅಂದರೆ ಪ್ರಾಣ, ಆದರೆ ಉದ್ದ ಸಾಲು ಬಂದರೆ ಹೆದರಿಕೆ. ಮೊದಮೊದಲು ದನಿ ಎಳೆಯುವ ಜಾಗ ಬಂದಾಗಲೆಲ್ಲ ಎದೆ ಹಿಡಿದ ಹಾಗಾಗಿ ನಡುವೆ ನಿಲ್ಲಿಸಿ ತಲೆ ತಗ್ಗಿಸಿಬಿಡುತ್ತಿದ್ದೆ. ಪಕ್ಕದಲ್ಲಿ ನಿಲ್ಲುತ್ತಿದ್ದ ಅಕ್ಕ ಒಂದು ದಿನ ಕಷಾಯ ಬಗ್ಗಿಸಿಕೊಡುತ್ತಾ ಹೇಳಿದರು.

"ನೀ ಉಸ್ರು ತಗ. ನಾ ಹಿಡ್ಕಂಡಿರ್ತೀನಿ."

"ಸಾಲು ತುಂಡಾಗಲ್ವಾ ಅಕ್ಕ?"

"ಗದ್ದೇಲಿ ನೆಟ್ಟಿ ಮಾಡ್ವಾಗ ಒಬ್ಳು ಸೊಂಟ ನೆಟ್ಟಗೆ ಮಾಡ್ಕಂಡ್ರೆ ಹಾಡು ನಿಲ್ಲುತ್ತಾ? ಉಳಿದೋರು ಹಾಡ್ತಿರ್ತಾರೆ. ಮೆತ್ತಗೆ ಬಿಡು, ಮೆತ್ತಗೆ ಸೇರ್ಕ. ಯಾರಿಗೂ ಗೊತ್ತಾಗಲ್ಲ."

ಅಕ್ಕ ತೀರ್ಥಹಳ್ಳಿ ಕಡೆಯವರು. ಮದುವೆಗೆ ಮುಂಚೆ ಗದ್ದೆಯಲ್ಲಿ ನಿಂತು ಹಾಡಿದವರು. ಆಮೇಲೆ ಮೇಷ್ಟ್ರು ಅದನ್ನೇ ಪಾಠವಾಗಿ ಎಲ್ಲರಿಗೂ ಹೇಳಿಕೊಟ್ಟರು. ದೇಶ ವಿದೇಶದ ದೊಡ್ಡ ದೊಡ್ಡ ಗಾಯನ ತಂಡಗಳೂ ಹೀಗೇ ಮಾಡುತ್ತವಂತೆ. ಉದ್ದ ಎಳೆತದಲ್ಲಿ ಪಕ್ಕದವರು ಉಸಿರು ತಗೊಳ್ಳುವ ಜಾಗದಲ್ಲಿ ನೀವು ತಗೊಳ್ಳಬಾರದು. ಒಬ್ಬರು ಬಿಟ್ಟಾಗ ಇನ್ನೊಬ್ಬರು ಹಿಡಿದಿರಬೇಕು. ಕೇಳುವವರಿಗೆ ಒಂದೇ ದನಿ, ಎಲ್ಲೂ ಕಡಿಯದ ದನಿ.

ನನಗೆ ಆಗ ನೆನಪಾಗಿದ್ದು ಸೊರಬದ ಕಡೆಯ ನಮ್ಮ ಅಜ್ಜಿ ಮನೆ. ದೀಪಾವಳಿ ರಾತ್ರಿ ಅಂಟಿಗೆ ಪಂಟಿಗೆಯವರು ದೀಪ ಹಿಡಿದು ಮನೆಮನೆಗೆ ಬರುತ್ತಿದ್ದರು. ನಾವು ಮಕ್ಕಳು ಕಂಬಳಿಯೊಳಗಿಂದ ಎದ್ದು ಜಗಲಿಗೆ ಓಡುತ್ತಿದ್ದೆವು. ಮುಂದಿನವರ ಸೊಲ್ಲು ಮುಗಿಯುವಷ್ಟರಲ್ಲೇ ಹಿಂದಿನವರು ಎತ್ತಿಕೊಳ್ಳುತ್ತಿದ್ದರು. ರಾತ್ರಿಯಿಡೀ ಊರೂರು ನಡೆದು ಹಾಡುವವರಿಗೆ ದಣಿವೇ ಆಗಲ್ವಾ ಅಂತ ನನಗೆ ಆಶ್ಚರ್ಯ. ಎಷ್ಟು ಜನ ಹೇಗೆ ಹಂಚಿಕೊಂಡು ಹಾಡುತ್ತಿದ್ದರು ಅನ್ನುವುದು ಅಕ್ಕ ಹೇಳಿದ ಮೇಲೆ ಹೊಳೆಯಿತು.

ಈಗ ಹಾಡು ಅಂದರೆ ಒಬ್ಬರದ್ದು ಅಂತ ಆಗಿಬಿಟ್ಟಿದೆ. ಸ್ಟೇಜ್ ಮೇಲೆ ಒಬ್ಬರು, ಕೈಯಲ್ಲಿ ಒಂದು ಮೈಕು. ಹಿನ್ನೆಲೆ ಗಾಯನಕ್ಕೆ ರಾಷ್ಟ್ರ ಪ್ರಶಸ್ತಿ ಪಡೆದ ಮೊದಲ ಕನ್ನಡಿಗರು ಶಿವಮೊಗ್ಗ ಸುಬ್ಬಣ್ಣ. ಅಂಥವರ ಹೆಸರಿನಲ್ಲೇ ನಮ್ಮೂರು ಇರುವುದು ನನಗೂ ಹೆಮ್ಮೆಯೇ. ಆದರೆ ಮಕ್ಕಳನ್ನೆಲ್ಲ ಅಂಥ ಒಂಟಿ ದನಿ ಮಾಡಲು ಹೊರಟು, ಆಗದವರಿಗೆ ನಿನಗೆ ಹಾಡು ಬರಲ್ಲ ಅಂತ ಹೇಳಿ ಬಾಯಿ ಮುಚ್ಚಿಸುತ್ತೇವಲ್ಲ, ಅದು ತಪ್ಪು. ನನ್ನಂಥ ಅರ್ಧ ಉಸಿರಿನವರಿಗೂ ಹಾಡಿನಲ್ಲಿ ಜಾಗ ಇದೆ. ಒಟ್ಟಿಗೆ ಹಾಡೋದನ್ನು ಯಾರಾದರೂ ಹೇಳಿಕೊಡಬೇಕು ಅಷ್ಟೆ.

ನಮ್ಮಲ್ಲಿ ಮ್ಯಾನೇಜರ್ ಸಾರ್ ಅಂತ ಒಬ್ಬರಿದ್ದಾರೆ. ಬ್ಯಾಂಕಿನಲ್ಲಿದ್ದು ರಿಟೈರ್ ಆದವರು. ಕಂಠ ತುಂಬಾ ಒಳ್ಳೆಯದು, ನಿಜವಾಗಿ ಒಳ್ಳೆಯದು. ಆದರೆ ಅವರು ಹಾಡಲು ಶುರು ಮಾಡಿದರೆ ಉಳಿದ 21 ಜನ ಕೇಳಿಸುವುದೇ ಇಲ್ಲ. ಪಕ್ಕದವರ ದನಿಗೆ ಕಿವಿ ಕೊಡದೆ ಹಾಡುವುದು ನನಗೆ ಹಿಡಿಸುವುದಿಲ್ಲ. ಮೇಷ್ಟ್ರು ಎಷ್ಟು ಸಲ ಹೇಳಿದರೂ ಅಷ್ಟೇ.

ಆದರೆ ಕೆಲಸಕ್ಕೆ ಅವರೇ ಬೇಕು. ಆಗಸ್ಟ್ 15ಕ್ಕೆ ಬಡಾವಣೆಯ ಕಾರ್ಯಕ್ರಮದಲ್ಲಿ ನಾಡಗೀತೆ ನಮ್ಮ ತಂಡದ್ದು. ಕುಪ್ಪಳಿಯ ಕವಿಯ ಹಾಡು ಅಂತ ನಮ್ಮ ಜಿಲ್ಲೆಯವರಿಗೆ ಒಂದು ತೂಕ ಜಾಸ್ತಿ ಪ್ರೀತಿ. ಅದು ನಾಡಗೀತೆ ಆಗಿದ್ದು 2004ರಲ್ಲಿ. ಆದರೆ ನಮ್ಮಲ್ಲಿ ಒಬ್ಬೊಬ್ಬರೂ ಒಂದೊಂದು ಧಾಟಿಯಲ್ಲಿ ಕಲಿತವರು. ಅಂಗನವಾಡಿ ಟೀಚರ್ ಒಂದು ಕಡೆ ಏರಿಸಿದರೆ ಮಂಡಿಯವರು ಅದೇ ಜಾಗದಲ್ಲಿ ಇಳಿಸುತ್ತಿದ್ದರು. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿಯಲ್ಲಿ, 2 ನಿಮಿಷ 30 ಸೆಕೆಂಡಿನಲ್ಲಿ ಹಾಡಬೇಕು ಅಂತ ಆದೇಶ ಮಾಡಿತಲ್ಲ, ನಾವು ಅದನ್ನೇ ಹಿಡಿದೆವು. ಮ್ಯಾನೇಜರ್ ಸಾರ್ ಮೊಬೈಲಿನಲ್ಲಿ ಟೈಮ್ ನೋಡುತ್ತಾರೆ. ಮೊದಲ ದಿನ ಮೂರು ನಿಮಿಷ ದಾಟಿತ್ತು. ಒಂದು ಶನಿವಾರ ಸರಿಯಾಗಿ 2 ನಿಮಿಷ 30 ಸೆಕೆಂಡಿಗೆ ಬಂದು ನಿಂತೆವು. 21 ಜನ, ಒಂದು ಸೆಕೆಂಡ್ ಆಚೆ ಈಚೆ ಇಲ್ಲ! ಚಪ್ಪಾಳೆ ತಟ್ಟಿ, ಒಬ್ಬರ ಕೈ ಒಬ್ಬರು ಹಿಡಿದು ಕುಣಿದುಬಿಟ್ಟೆವು. ಆವತ್ತು ರಾತ್ರಿ ನನಗೆ ಖುಷಿಗೆ ನಿದ್ದೆ ಬರಲಿಲ್ಲ.

ಆ ಶನಿವಾರ ಅಕ್ಕ ಇರಲಿಲ್ಲ. ಏಪ್ರಿಲ್‌ನಲ್ಲಿ ಅವರ ಯಜಮಾನರು ತೀರಿಕೊಂಡರು.

ಅವರು ನಮ್ಮ 22ರ ಲೆಕ್ಕದಲ್ಲಿ ಇರಲಿಲ್ಲ. ಆದರೆ ಎರಡು ವರ್ಷ ಒಂದು ದಿನವೂ ತಪ್ಪದೆ ಬಂದವರು. ಅಕ್ಕನನ್ನು ಸ್ಕೂಟರಿನಲ್ಲಿ ಕರೆದುಕೊಂಡು ಬಂದು, ಕಿಟಕಿ ಪಕ್ಕದ ಕೊನೆಯ ಕುರ್ಚಿಯಲ್ಲಿ ಪೇಪರ್ ಬಿಚ್ಚಿಕೊಂಡು ಕೂರುತ್ತಿದ್ದರು. ಹಾಡಿ ಅಂದರೆ "ನಂಗೆ ಬರಲ್ಲಮ್ಮ, ಕೇಳ್ತೀನಿ" ಅನ್ನುತ್ತಿದ್ದರು. ಅಕ್ಕನ ಕಣ್ಣಿಗೆ ಸಣ್ಣ ಅಕ್ಷರ ಕಾಣುವುದಿಲ್ಲ. ಹಾಗಾಗಿ ಪ್ರತಿ ಹಾಡನ್ನೂ ಅವರೇ ಉದ್ದದ ನೋಟ್‌ಬುಕ್ಕಿನಲ್ಲಿ ನೀಲಿ ಇಂಕಿನಲ್ಲಿ ದಪ್ಪ ದಪ್ಪವಾಗಿ ಬರೆದುಕೊಡುತ್ತಿದ್ದರು. ಒಂದು ಪುಟಕ್ಕೆ ನಾಲ್ಕೇ ಸಾಲು.

ಮಂಗಳವಾರ ಅಕ್ಕ ಆಟೋದಲ್ಲಿ ಬಂದರು. ಕೈಯಲ್ಲಿ ಅದೇ ನೋಟ್‌ಬುಕ್, ಅದೇ ಫ್ಲಾಸ್ಕ್. ಯಾರಿಗೂ ಏನು ಮಾತಾಡಬೇಕು ಅಂತ ತಿಳಿಯಲಿಲ್ಲ. ವರ್ಷ ತುಂಬುವ ತನಕ ಹಾಡು ಗೀಡು ಎಲ್ಲ ಬೇಡ ಅಂತ ಅವರ ನೆಂಟರಲ್ಲಿ ಯಾರೋ ಹೇಳಿದ್ದರಂತೆ. ಕೇಳಿ ನನಗೆ ಸಿಟ್ಟೇ ಬಂತು. ದುಃಖ ಆದವರಿಗೆ ಮನೆಯೊಳಗೆ ಕೂರು ಅನ್ನುವುದು ಸುಲಭ. ಅವರ ಜೊತೆ ಬಂದು ಕೂರುವವರು ಎಷ್ಟು ಜನ?

ಮೇಷ್ಟ್ರು ಯಾವುದೋ ಸುಲಭದ ಹಾಡು ಎತ್ತಿಕೊಳ್ಳಲು ಹೋದರು. ಅಕ್ಕ ಬೇಡ ಅಂದರು. ಏಪ್ರಿಲ್‌ಗೆ ಮುಂಚೆ ಕಲಿಯುತ್ತಿದ್ದ ಭಾವಗೀತೆಯೇ ಆಗಲಿ ಅಂದರು. ಅದರ ಎರಡನೇ ಚರಣ ಹೆಂಗಸರದ್ದು. ಕೊನೆಯಲ್ಲಿ 16 ಮಾತ್ರೆ ಎಳೆಯುವ ಜಾಗ ಇದೆ. ಗಂಡಸರು ಅಲ್ಲಿ ಸುಮ್ನೆ ಇರಬೇಕು.

ಪಲ್ಲವಿ ಮುಗಿಯುವ ಹೊತ್ತಿಗೆ ಕರೆಂಟು ಹೋಯಿತು. ಶ್ರುತಿ ಪೆಟ್ಟಿಗೆ ನಿಂತಿತು. ಶೀಟಿನ ಮೇಲೆ ಮಳೆ ಕಲ್ಲು ಸುರಿದ ಹಾಗೆ. ಹಾರ್ಮೋನಿಯಂ ಕೂಡ ಇಲ್ಲೋ ಅಲ್ಲೋ ಅನ್ನುವಷ್ಟು ಕೇಳುತ್ತಿತ್ತು. ಆದರೂ ಯಾರೂ ನಿಲ್ಲಿಸಲಿಲ್ಲ. ಇನ್ನೂ ಹತ್ತಿರ ಹತ್ತಿರ ನಿಂತೆವು, ಭುಜಕ್ಕೆ ಭುಜ ತಾಗುವಷ್ಟು. ನಾನು ಮೊಬೈಲ್ ಟಾರ್ಚ್ ಹಾಕಿ ಅಕ್ಕನ ಪುಸ್ತಕದ ಮೇಲೆ ಹಿಡಿದೆ. ಬೆಳಕಿನಲ್ಲಿ ಆ ನೀಲಿ ಅಕ್ಷರಗಳು ಎದ್ದು ಕಂಡವು.

ಎರಡನೇ ಚರಣದ ಎಳೆತ ಬಂತು. ಆರೋ ಏಳೋ ಮಾತ್ರೆ ಆಗಿರಬೇಕು. ಪಕ್ಕದಲ್ಲಿ ಅಕ್ಕನ ದನಿ ಇಲ್ಲ.

ಉಸಿರು ತಗೊಳ್ಳುತ್ತಿದ್ದಾರೆ ಅಂದುಕೊಂಡೆ. ಇಲ್ಲ. ಪುಸ್ತಕ ಹಿಡಿದ ಕೈ ಅಲ್ಲಾಡುತ್ತಿತ್ತು. ಬಾಯಿ ತೆರೆದೇ ಇತ್ತು, ದನಿ ಬರುತ್ತಿರಲಿಲ್ಲ. ನನ್ನ ಉಸಿರೂ ಮುಗಿಯುತ್ತಾ ಬಂದಿತ್ತು. ಅದು ನಾನು ಯಾವಾಗಲೂ ಬಿಡುವ ಜಾಗ, ಅಕ್ಕ ಹಿಡಿಯುವ ಜಾಗ. ಆವತ್ತು ಬಿಡಲಿಲ್ಲ. ಎದೆಯಲ್ಲಿ ಸುಯ್ಯೆನ್ನುವ ಸದ್ದು ಶುರುವಾದರೂ ಹಿಡಿದೆ. ಆಮೇಲೆ ಒಂದು ಕ್ಷಣ ನನ್ನ ಕೈಲೂ ಆಗಲಿಲ್ಲ, ಬಿಟ್ಟೆ. ಅಷ್ಟರಲ್ಲಿ ಹಿಂದಿನಿಂದ ಒಂದು ಗಂಡು ದನಿ ಬಂದು ಸೇರಿಕೊಂಡಿತು. ಮೆತ್ತಗೆ, ಬಂದಿದ್ದೇ ಗೊತ್ತಾಗದ ಹಾಗೆ. ಮ್ಯಾನೇಜರ್ ಸಾರ್. ಎರಡು ವರ್ಷದಲ್ಲಿ ಅವರು ಅಷ್ಟು ಮೆಲ್ಲಗೆ ಹಾಡಿದ್ದನ್ನು ನಾನು ಕೇಳಿರಲಿಲ್ಲ. ಕಾಲೇಜು ಹುಡುಗಿಯರ ದನಿ ಇತ್ತು, ಟೀಚರದ್ದು ಇತ್ತು. ಸಾಲು ಕಡಿಯಲಿಲ್ಲ. 16 ಮಾತ್ರೆ ತುಂಬಿತು. ಯಾರೂ ಅಕ್ಕನ ಕಡೆ ತಿರುಗಿ ನೋಡಲಿಲ್ಲ. ಮೂರನೇ ಚರಣದ ಎರಡನೇ ಸಾಲಿಗೆ ಅಕ್ಕ ವಾಪಸ್ ಬಂದರು.

ಹಾಡು ಮುಗಿದ ಮೇಲೆ ಸ್ವಲ್ಪ ಹೊತ್ತು ಬರೀ ಮಳೆ.

"ಹಿಡ್ಕಂಡಿದ್ಯಲ" ಅಂದರು ಅಕ್ಕ.

"ನಾನೊಬ್ಳೇ ಅಲ್ಲಕ್ಕ."

"ಅದೇ ಮತ್ತೆ" ಅಂದರು.

ಅಷ್ಟೇ ಮಾತು. ಆದರೆ ಮಂಗಳವಾರದಿಂದ ಅದೇ ತಲೆಯಲ್ಲಿ ತಿರುಗುತ್ತಿದೆ. ಬಿಲ್ ಹಾಕುವಾಗ, ಅನ್ನಕ್ಕೆ ಇಡುವಾಗ. ಹಿಡ್ಕಂಡಿದ್ಯಲ. ನಾನೊಬ್ಳೇ ಅಲ್ಲಕ್ಕ. ಅದೇ ಮತ್ತೆ.

ಮಗಳಿಗೆ ಹೇಳಿದೆ. ಅವಳು ಮೊಬೈಲಿನಲ್ಲಿ ಏನೋ ಹುಡುಕಿ ಓದಿ ಹೇಳಿದಳು. ಸ್ವೀಡನ್ನಿನ ಗೋಥೆನ್‌ಬರ್ಗ್ ವಿಶ್ವವಿದ್ಯಾಲಯದವರು 2013ರಲ್ಲಿ ಒಂದು ಅಧ್ಯಯನ ಪ್ರಕಟಿಸಿದ್ದಾರೆ. ಒಟ್ಟಿಗೆ ಹಾಡುವವರ ಎದೆಬಡಿತ ಒಟ್ಟಿಗೇ ಏರಿ ಒಟ್ಟಿಗೇ ಇಳಿಯುತ್ತದಂತೆ. ಸಾಲಿನ ಕೊನೆಗೆ ಎಲ್ಲರೂ ಒಟ್ಟಿಗೆ ಉಸಿರು ತಗೊಳ್ಳುವುದರಿಂದ ಹಾಗಂತೆ. ಕೇಳಿ ಮೈ ಜುಂ ಅಂದಿತು. ಆದರೆ ನನಗೆ ಬೇಕಾಗಿದ್ದು ಇನ್ನೊಂದು. ಒಬ್ಬರು ಬಿಟ್ಟ ಜಾಗದಲ್ಲಿ ಇನ್ನೊಬ್ಬರು ಹಿಡಿದಾಗ ಎದೆಗೆ ಏನಾಗುತ್ತದೆ ಅನ್ನುವುದು.

ನಮ್ಮಮ್ಮ ಹಾಸಿಗೆ ಹಿಡಿದು ಎರಡು ವರ್ಷ ಇದ್ದರು. ನಾವು ಮೂವರು ಮಕ್ಕಳು. ಆದರೂ ನೋಡಿಕೊಂಡಿದ್ದು ನಾನೊಬ್ಬಳೇ. ತಮ್ಮ ಫೋನ್ ಮಾಡಿ "ಅಕ್ಕ, ಒಂದು ವಾರ ನಾನು ಬಂದಿರ್ತೀನಿ, ನೀನು ಎಲ್ಲಾದ್ರೂ ಹೋಗಿ ಬಾ" ಅಂದಾಗಲೆಲ್ಲ ಬೇಡ ಅಂದೆ. ನಾನು ಕೈ ಬಿಟ್ಟರೆ ಎಲ್ಲ ನಿಂತುಹೋಗುತ್ತದೆ ಅಂದುಕೊಂಡಿದ್ದೆ. ಅವನು ನನ್ನ ಹಾಗೆ ಮಾತ್ರೆ ಕೊಡಲಾರ, ನನ್ನ ಹಾಗೆ ತಲೆ ಬಾಚಲಾರ. ಕೊನೆಕೊನೆಗೆ ಉಬ್ಬಸ ಹೆಚ್ಚಾಗಿ ನಾನೇ ಆಸ್ಪತ್ರೆ ಸೇರಿದೆ. ಆಗ ಅವನು ಬಂದು ಐದು ದಿನ ನೋಡಿಕೊಂಡ. ಅಮ್ಮನ ಹತ್ತಿರ ಕೂತು ಸಿನಿಮಾ ಹಾಡು ಹೇಳುತ್ತಿದ್ದನಂತೆ. ಅಮ್ಮ ನಗುತ್ತಿದ್ದರಂತೆ. ನನ್ನ ಹತ್ತಿರ ಅಮ್ಮ ನಕ್ಕಿದ್ದು ನೆನಪಿಲ್ಲ. ಅವನಿಗೂ ತನ್ನ ಅಮ್ಮನ ಜೊತೆ ಇರುವ ಆಸೆ ಇತ್ತು. ಅದನ್ನು ನಾನು ಎರಡು ವರ್ಷ ತಡೆದಿದ್ದೆ. ಬುಧವಾರ ರಾತ್ರಿ ಅವನಿಗೆ ಫೋನ್ ಮಾಡಿ ಅಷ್ಟನ್ನೂ ಹೇಳಿದೆ. ಅವನು ಬಹಳ ಹೊತ್ತು ಏನೂ ಮಾತಾಡಲಿಲ್ಲ. ಆಮೇಲೆ, ಮಳೆ ಹೇಗಿದೆ ಅಲ್ಲಿ, ಅಂತ ಕೇಳಿದ.

ಮಂಗಳವಾರ ಹೊರಡುವ ಮುಂಚೆ ಕರೆಂಟು ಬಂತು. ಮ್ಯಾನೇಜರ್ ಸಾರ್ ಕುರ್ಚಿಗಳನ್ನು ಒಂದರ ಮೇಲೊಂದು ಜೋಡಿಸುತ್ತಿದ್ದರು. ಕಿಟಕಿ ಪಕ್ಕದ ಕುರ್ಚಿಯನ್ನು ಮಾತ್ರ ಮುಟ್ಟಲಿಲ್ಲ. ಅವರ ಬಗ್ಗೆ ಮೇಲೆ ಬರೆದಿದ್ದನ್ನು ಅಳಿಸುವುದಿಲ್ಲ, ಅದೂ ನಿಜ. ಇದೂ ನಿಜ.

ಅಕ್ಕ ಪುಸ್ತಕ ನನ್ನ ಕೈಗೆ ಕೊಟ್ಟರು. ಹೊಸ ಹಾಡು ಬರೆದುಕೊಡಬೇಕಂತೆ, ದಪ್ಪ ಅಕ್ಷರದಲ್ಲಿ. ಪುಟ ತಿರುಗಿಸುವಾಗ ನೋಡಿದೆ. ಸಾಲುಗಳ ನಡುವೆ ಅಲ್ಲಲ್ಲಿ ಪೆನ್ಸಿಲಿನ ಸಣ್ಣ ಗೆರೆಗಳು. ಕೆಲವು ಪದದ ಮಧ್ಯದಲ್ಲೇ ಇದ್ದವು.

"ಇದೇನಕ್ಕ?"

"ನಾ ಉಸ್ರು ತಗಳ ಜಾಗ. ಅಲ್ಲಿ ಕೂತು ಕೇಳಿಸ್ಕಂಡು ಹಾಕ್ತಿದ್ರು."

ಅವರು ಪೇಪರ್ ಓದುತ್ತಿದ್ದಾರೆ ಅಂತ ನಾವೆಲ್ಲ ಅಂದುಕೊಂಡಿದ್ದೆವು.

ನಿನ್ನೆ ಗಾಂಧಿ ಬಜಾರಿನಲ್ಲಿ ನೀಲಿ ಇಂಕಿನ ದಪ್ಪ ಪೆನ್ನು ತಗೊಂಡು ಬಂದೆ. ರಾತ್ರಿ ಕೂತು ಹಾಡು ಬರೆದೆ, ಪುಟಕ್ಕೆ ನಾಲ್ಕೇ ಸಾಲು. ಗೆರೆ ಇನ್ನೂ ಹಾಕಿಲ್ಲ. ಶನಿವಾರ ಪಕ್ಕದಲ್ಲಿ ನಿಂತು ಕೇಳಿಸಿಕೊಂಡು ಹಾಕಬೇಕು. ಪೆನ್ಸಿಲ್ ಚೂಪು ಮಾಡಿ ಪುಸ್ತಕದೊಳಗೇ ಇಟ್ಟಿದ್ದೇನೆ.