ಆ ನೀಲಿ ಗೋಡೆ ಮೊದಲು ನೀಲಿಯಾಗಿರಲಿಲ್ಲ

ವ್ಯಾನ್ ಗೋನ 'ಬೆಡ್‌ರೂಮ್' ಚಿತ್ರ ಅಂದರೆ ಎಲ್ಲರಿಗೂ ನೆನಪಾಗುವುದು ನೀಲಿ ಗೋಡೆ. ಆದರೆ 1888ರ ಅಕ್ಟೋಬರ್‌ನಲ್ಲಿ ಫ್ರಾನ್ಸಿನ ಆರ್ಲ್ ಊರಿನಿಂದ ತಮ್ಮ ಥಿಯೋಗೆ ಬರೆದ ಕಾಗದದಲ್ಲಿ ಅವನೇ ಹೇಳಿದ್ದಾನೆ, ಗೋಡೆ ತೆಳು ನೇರಳೆ ಅಂತ. ನೀಲಿಗೆ ಬೆರೆಸಿದ್ದ ಕೆಂಪು 'ಲೇಕ್' (ಡೈಯಿಂದ ತಯಾರಿಸಿದ ಬಣ್ಣ) ಬೆಳಕಿಗೆ ಮಾಸಿತು, ನೀಲಿ ಮಾತ್ರ ಉಳಿಯಿತು. 1890ರ ಚಿತ್ರಗಳಲ್ಲಿ ಅವನ ನಸುಗೆಂಪು ಗುಲಾಬಿಗಳು ಹೆಚ್ಚುಕಡಿಮೆ ಬೆಳ್ಳಗಾದದ್ದೂ ಹೀಗೇ. ಹಳದಿ ನೇರಳೆಯ ಎದುರು ನಿಂತಾಗ ಮಿಂಚುತ್ತದೆ. ಈಗ ನೇರಳೆಯೇ ಇಲ್ಲದೆ ಆ ಕೋಣೆಯ ಮಂಚ, ಕುರ್ಚಿಗಳ ಹಳದಿ ಅರ್ಧ ಬಲ ಕಳೆದುಕೊಂಡಿದೆ ಅನ್ನಿಸಿ ಸಂಕಟವಾಗುತ್ತದೆ. ಈ ಬಣ್ಣಗಳು ನಿಲ್ಲುವುದಿಲ್ಲ ಅಂತ ಅವನಿಗೆ ಗೊತ್ತಿತ್ತು. ಅದಕ್ಕೇ ಇನ್ನೂ ಗಾಢವಾಗಿ ಹಚ್ಚಬೇಕು ಅಂದಿದ್ದ.

ಈ ಶೈಲಿಯಲ್ಲಿ ಆಯಿಲ್ ಪೇಂಟಿಂಗ್ ಮಾಡುವವರು ಬೆಳಕಿಗೆ ಮಾಸುವ ಹಳೆಯ ಕೆಂಪು ಅಲಿಜರಿನ್ ಕ್ರಿಮ್ಸನ್ ಬಿಟ್ಟು, ಅಷ್ಟು ಬೇಗ ಮಾಸದ ಕ್ವಿನಾಕ್ರಿಡೋನ್ ರೋಸ್ ತಗೊಳ್ಳಿ; ಟ್ಯೂಬ್ ಮೇಲೆ ಅದರ ವರ್ಣದ್ರವ್ಯದ ಸಂಕೇತ ಪಿವಿ 19 (PV19) ಅಂತ ನಮೂದಾಗಿರುತ್ತದೆ. ದಪ್ಪಗೆ ಹಚ್ಚುವಾಗ ಟ್ಯೂಬ್‌ನಿಂದ ಬಂದ ಬಣ್ಣವನ್ನು ಹಾಗೇ ಬಳಸಿ. ಲಿನ್‌ಸೀಡ್ ಎಣ್ಣೆ ಜಾಸ್ತಿ ಸುರಿದರೆ ಮೇಲೆ ಕೆನೆಗಟ್ಟಿ ಸುಕ್ಕಾಗುತ್ತದೆ, ಒಳಗೆ ತಿಂಗಳುಗಟ್ಟಲೆ ಹಸಿಯಾಗಿಯೇ ಇರುತ್ತದೆ. ಅದರ ಮೇಲೆ ಬಣ್ಣ ತೆಳುಮಾಡುವ ಟರ್ಪೆಂಟೈನ್ ಬೆರೆಸಿದ ತೆಳು ಪದರ ಎಳೆದರೆ, ಅದು ಮೊದಲು ಒಣಗಿ ಬಿರುಕು ಬಿಡುತ್ತದೆ.