ಗೋಳಗುಮ್ಮಟದಲ್ಲಿ ಮೊದಲು ಕಿವಿ, ಆಮೇಲೆ ಮೊಬೈಲು

ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಗೆ ಹತ್ತಿದ ಮಂದಿ ಬಾಗಿಲು ದಾಟುತ್ತಲೇ ವಿಡಿಯೊ ಶುರು ಮಾಡುತ್ತಾರೆ. ಒಂದು ಸುತ್ತು, ಎರಡು ಕೂಗು, ಒಂದು ಸೆಲ್ಫಿ, ಇಳಿದೇ ಬಿಟ್ಟರು. ಮನೆಯಲ್ಲಿ ಹಚ್ಚಿ ನೋಡಿದರೆ ಬರೀ ಗದ್ದಲ. ನೋಡುವುದಕ್ಕಿಂತ ಕೇಳಬೇಕಾದ ಜಾಗ ಅದು, ಮತ್ತು ಅಲ್ಲಿ ಕೇಳುವುದನ್ನು ಹಿಡಿಯಲು ಮೊಬೈಲಿಗೆ ಬಹಳ ಕಷ್ಟ.

ಗುಮ್ಮಟದ ಒಳ ಅಗಲ ಸುಮಾರು 38 ಮೀಟರ್. ಗೋಡೆಗೆ ಮುಖ ಹತ್ತಿರ ತಂದು ಪಿಸುಗುಟ್ಟಿದರೆ ದನಿ ನಡುವಿನ ಬಯಲಲ್ಲಿ ಚದುರಿಹೋಗುವುದಿಲ್ಲ, ಬಾಗಿದ ಗೋಡೆಯ ಗುಂಟ ಹರಿಯುತ್ತದೆ. ಲಂಡನ್ನಿನ ಸೇಂಟ್ ಪಾಲ್ಸ್ ಚರ್ಚಿನ ಇಂಥದೇ ಗ್ಯಾಲರಿಗೆ ಭೌತವಿಜ್ಞಾನಿ ಲಾರ್ಡ್ ರೇಲಿ ಕೊಟ್ಟ ವಿವರಣೆ ಇದು. 1921ರಲ್ಲಿ ನಮ್ಮ ಸಿ.ವಿ. ರಾಮನ್ ಕೂಡ ಅಲ್ಲಿ ಪರೀಕ್ಷೆ ಮಾಡಿದ್ದರು. ಅರ್ಧ ಸುತ್ತು ಅಂದರೆ 60 ಮೀಟರ್. ದನಿ ಎದುರಿನವರ ಕಿವಿ ಮುಟ್ಟಲು ಸೆಕೆಂಡಿನ ಆರನೇ ಒಂದು ಪಾಲು ಸಾಕು. ತೀಕ್ಷ್ಣ ಸದ್ದು ಗೋಡೆಗೆ ಹೆಚ್ಚು ಅಂಟಿಕೊಂಡು ಸಾಗುತ್ತದೆ, ಅದಕ್ಕೇ ಸ, ಶ, ಚ ಇರುವ ಪಿಸುಮಾತು ಸ್ವಚ್ಛವಾಗಿ ಮುಟ್ಟುತ್ತದೆ. ಚಪ್ಪಾಳೆಯದು ಬೇರೆ ದಾರಿ. ಅಡ್ಡ ಹಾದು ಎದುರು ಗೋಡೆಗೆ ಬಡಿದು ವಾಪಸು ಬರಲು 76 ಮೀಟರ್, ಸುಮಾರು 0.22 ಸೆಕೆಂಡು. ಹತ್ತು ಸಲ ಮರುದನಿಸಲು ಎರಡು ಸೆಕೆಂಡಿನ ಮೇಲೆ ತುಸು ಸಾಕು. ಅಷ್ಟರೊಳಗೆ ಇನ್ನೊಬ್ಬರು ಕೂಗಿದರೆ ಎರಡೂ ಕಲಸಿಹೋಗುತ್ತವೆ. ಕೆಳಗಿರುವುದು 1656ರಲ್ಲಿ ತೀರಿಕೊಂಡ ಮುಹಮ್ಮದ್ ಆದಿಲ್ ಶಾಹನ ಗೋರಿ ಅನ್ನುವುದನ್ನೂ ಕೂಗುವವರು ನೆನೆಯಬೇಕು.

ಹಾಗಾದರೆ ಹೇಗೆ ಕೇಳುವುದು? ಶಾಲಾ ಪ್ರವಾಸದ ಹಂಗಾಮಿನಲ್ಲಂತೂ ಬೆಳಗಿನ ಮೊದಲ ತಾಸು ಬಿಟ್ಟರೆ ಕೇಳುವ ಆಸೆಯನ್ನೇ ಬಿಡಬೇಕು. ಮೂಲೆಯ ಮಿನಾರಿನ ಇಕ್ಕಟ್ಟು ಮೆಟ್ಟಿಲು ಹತ್ತಿದ ಮೇಲೆ ತಾರಸಿಯಲ್ಲಿ ಐದು ನಿಮಿಷ ಕೂಡ್ರಿ. ಏದುಸಿರು ಇಳಿಯದಿದ್ದರೆ ನಿಮ್ಮ ಉಸಿರೇ ನಿಮಗೆ ಅಡ್ಡ. ಮೊಬೈಲು ಏರೋಪ್ಲೇನ್ ಮೋಡಿನಲ್ಲಿ ಕಿಸೆಯಲ್ಲಿರಲಿ. ಒಳಗೆ ಇಬ್ಬರು ಎದುರುಬದುರು ಹೋಗಿ, ಇಬ್ಬರೂ ಗೋಡೆಗೆ ಒರಗಿ ಕೂಡ್ರಬೇಕು. ಮಾತಾಡುವವರು ಮುಖವನ್ನು ಗೋಡೆಗೆ ನೇರ ಹಿಡಿಯದೆ ಗೋಡೆಯ ಗುಂಟ ತಿರುಗಿಸಬೇಕು. ಕೇಳುವವರು ಗಚ್ಚಿಗೆ ಕಿವಿ ತಂದರೆ ಮೊದಲು ತಟ್ಟುವುದು ಅದರ ತಂಪು, ಆಮೇಲೆ “ಕೇಳಸ್ತೈತೇನವ್ವಾ?” ಅನ್ನುವ ದನಿ. ಎದುರಿಗೆ ಬೆರಳಷ್ಟು ಸಣ್ಣಗೆ ಕಾಣುವ ಮಗಳ ಮಾತು ಪಕ್ಕದ ಗೋಡೆಯೊಳಗಿಂದಲೇ ಬಂದಂತೆ ಇರುತ್ತದೆ. ಗೋಡೆಯ ಹತ್ತಿರ ಹೊಸ ನೋಟನ್ನು ಬೆರಳಲ್ಲಿ ಉಜ್ಜಿ, ಆ ಸರಸರ ಎದುರಿನವರಿಗೆ ಕೇಳುತ್ತದೋ ಎಂದೂ ನೋಡಿ.

ಪಕ್ಕದಲ್ಲೇ ಕೂತು ಮಾತಾಡಿದಂಥ ಈ ಅನುಭವ ವಿಡಿಯೊದಲ್ಲಿ ಉಳಿಯುವುದಿಲ್ಲ. ದನಿ ಯಾವ ದಿಕ್ಕಿನದು ಅನ್ನುವುದನ್ನು ನಾವು ಎರಡೂ ಕಿವಿ ಸೇರಿಸಿ ತಿಳಿಯುತ್ತೇವೆ. ಮೊಬೈಲು ಇನ್ನೂ ಒಂದು ತೊಂದರೆ ಮಾಡುತ್ತದೆ: ಸದ್ದು ಜೋರಾದರೆ ತಾನೇ ತಗ್ಗಿಸುತ್ತದೆ, ಸಣ್ಣದಾದರೆ ಏರಿಸುತ್ತದೆ. ಚಪ್ಪಾಳೆಗೆ ಬೆದರಿ ತಗ್ಗಿಸಿ, ಆಮೇಲೆ ಮೆಲ್ಲಗೆ ಏರಿಸುವಷ್ಟರಲ್ಲಿ ಮರುದನಿಯ ಇಳಿತದ ಲಯವೇ ಕೆಟ್ಟಿರುತ್ತದೆ. ಅದರ ಮೇಲೆ ಗದ್ದಲ ತೆಗೆಯುವ ಸಾಫ್ಟ್‌ವೇರು ಮರುದನಿಯ ಬಾಲವನ್ನು ಗದ್ದಲವೆಂದೇ ತಿಳಿದು ಒರೆಸಿಬಿಡಬಹುದು.

ನೆನಪಿನ ಮಾತೂ ಇದೆ. ಮ್ಯೂಸಿಯಂನಲ್ಲಿ ಫೋಟೊ ತೆಗೆದ ವಸ್ತುಗಳಿಗಿಂತ ಬರೀ ನೋಡಿದ ವಸ್ತುಗಳೇ ಚೆನ್ನಾಗಿ ನೆನಪಿದ್ದವು ಎಂದು ಮನಃಶಾಸ್ತ್ರಜ್ಞೆ ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದರು. ಒಂದು ಭಾಗವನ್ನಷ್ಟೇ ಝೂಮ್ ಮಾಡಿ ತೆಗೆದಾಗ ಆ ನಷ್ಟ ಕಾಣಲಿಲ್ಲ. 2017ರ ಇನ್ನೊಂದು ಅಧ್ಯಯನದಲ್ಲಿ, ತಾವೇ ಆರಿಸಿ ಫೋಟೊ ತೆಗೆದವರಿಗೆ ನೋಡಿದ್ದು ಹೆಚ್ಚು ನೆನಪಿತ್ತು, ಕೇಳಿದ್ದು ಕಡಿಮೆ. ಆದ್ದರಿಂದ ಬಾದಾಮಿಯ ಗುಹೆಗಳಲ್ಲಿ ಕೆತ್ತನೆಯನ್ನು ಆರಿಸಿ ಕ್ಯಾಮೆರಾ ಹಿಡಿದರೆ ಲಾಭವೇ ಇದ್ದೀತು. ಗೋಳಗುಮ್ಮಟದಲ್ಲಿ ಹಾಗಲ್ಲ.

ಕೇಳಿ ಮುಗಿದ ಮೇಲೆ ಒಂದೇ ಒಂದು ರೆಕಾರ್ಡಿಂಗ್ ಸಾಕು. ಕ್ಯಾಮೆರಾ ಬಿಟ್ಟು ರೆಕಾರ್ಡರ್ ಆ್ಯಪ್ ತೆರೆಯಿರಿ, ವಾಟ್ಸಾಪಿನ ವಾಯ್ಸ್ ಮೆಸೇಜು ಬೇಡ, ಅದು ಸದ್ದನ್ನು ಇನ್ನೂ ಹಿಂಡುತ್ತದೆ. ಆ್ಯಪಿನ ಸೆಟ್ಟಿಂಗಿನಲ್ಲಿ ಸದ್ದನ್ನು ಹಿಂಡದ ವೇವ್ (WAV) ಫೈಲು, 48 ಕಿಲೋಹರ್ಟ್ಸ್ ಇಟ್ಟು, ಗದ್ದಲ ತೆಗೆಯುವ ಸೌಲಭ್ಯ ಬಂದ್ ಮಾಡಿ. ಕೈಯಲ್ಲಿ ಹಿಡಿದರೆ ಬೆರಳಿನ ಸರಬರ ಪಿಸುಮಾತಿಗಿಂತ ಜೋರು ಬರುತ್ತದೆ, ಆದ್ದರಿಂದ ಮಡಚಿದ ಕರ್ಚೀಫಿನ ಮೇಲೆ ಗೋಡೆಗೆ ನಾಲ್ಕು ಬೆರಳು ದೂರ ಇಡಿ. ಕೆಳತುದಿಯ ಮೈಕು ದನಿ ಬರುವ ಕಡೆಗಿರಲಿ. ಮೊದಲು ಹತ್ತು ಸೆಕೆಂಡು ಸುಮ್ಮನಿರಿ. ಆಮೇಲೆ ಪಿಸುಮಾತು. ಕೊನೆಗೆ ಮೂರು ಮೀಟರಾದರೂ ದೂರ ಸರಿದು ಒಂದು ಚಪ್ಪಾಳೆ, ಮರುದನಿ ಪೂರ್ತಿ ಆರುವವರೆಗೆ ಯಾರೂ ಅಲುಗಬಾರದು.

ತಾರಸಿ ಇಳಿಯುವ ಮೊದಲೇ ಇಯರ್‌ಫೋನ್ ಹಾಕಿ ಕೇಳಿ. ಚಪ್ಪಾಳೆ ಒಡೆದಂತೆ ಕೇಳಿದರೆ ಇನ್ನೆರಡು ಮೀಟರ್ ದೂರದಿಂದ ಮತ್ತೆ ತಟ್ಟಬೇಕು. ಫೈಲಿಗೆ ತಾರೀಖಿನ ಜೊತೆ ಎದುರು ಗೋಡೆಯಲ್ಲಿ ಕೂತವರ ಹೆಸರನ್ನೂ ಬರೆದಿಡಿ. ಪಿಸುಮಾತಿನಲ್ಲಿ ಯಾರ ದನಿ ಯಾವುದೆಂದು ಆಮೇಲೆ ಗುರುತು ಹತ್ತುವುದಿಲ್ಲ.